ಮೂಲೆಯಿಲ್ಲದ ಕಾಗದ

ಟಿಕೋಟದ ನಮ್ಮ ಓಣಿಯಲ್ಲಿ ಆ ಕಾಲಕ್ಕೆ ಅಕ್ಷರ ಬಲ್ಲವರು ವಿರಳ. ಆದರೆ ಬಂದ ಕಾಗದ ಎಂಥದ್ದೆಂದು ಹೇಳಲು ಬಾರದವರು ಒಬ್ಬರೂ ಇರಲಿಲ್ಲ. ಮೂಲೆಗೆ ಅರಿಷಿಣ ಹಚ್ಚಿದ್ದರೆ ಮದುವೆ. ಒಂದು ಮೂಲೆ ಹರಿದಿದ್ದರೆ ಸಾವು. ಸಾವಿನ ಕಾಗದವನ್ನು ಹೊಸ್ತಿಲೊಳಗೆ ಒಯ್ಯಬಾರದು, ಇಟ್ಟುಕೊಳ್ಳಬಾರದು, ಸತ್ತವರು ಯಾರೆಂದು ತಿಳಿದ ಕೂಡಲೆ ಹರಿದು ತಿಪ್ಪೆಗೆ ಒಗೆಯಬೇಕು. ಬಾಳುವೆಗೆ ಇಷ್ಟು ವಿದ್ಯೆ ಸಾಕೆಂದು ನಮ್ಮ ಹಿರಿಯರು ತಿಳಿದಿದ್ದರು. ಆ ವಿದ್ಯೆಯಿಂದಲೇ ಅವರು ರುದ್ರವ್ವನನ್ನು ಕೊಂದರು. ಉಸಿರು ನಿಲ್ಲಿಸದೆ ಕೊಲ್ಲುವುದು ಹೇಗೆ ಎಂಬುದನ್ನು ನಮ್ಮೂರಿನವರಿಂದ ಕಲಿಯಬೇಕು.

ನನಗೆ ತಿಳಿವಳಿಕೆ ಬಂದಾಗ ರುದ್ರವ್ವ ಬೋಳು ಹಣೆಯ ಮುದುಕಿ. ನಮ್ಮ ಪಡಸಾಲೆಯಲ್ಲಿ ಜೋಳ ಕೇರುತ್ತ ಕೂತು, ಬೇರೆ ಯಾರದೋ ಮನೆಯ ಸುದ್ದಿ ಹೇಳಿದಂತೆ ಇದನ್ನೆಲ್ಲ ಹೇಳಿದಳು. ಅವಳ ದನಿ ಒಮ್ಮೆಯೂ ಏರಲಿಲ್ಲ. ಸಿಟ್ಟು ಬಂದದ್ದು ನನಗೆ.

ಅವಳು ಬಬಲೇಶ್ವರದ ಮಗಳು. ಟಿಕೋಟದ ಬಸಗೊಂಡಪ್ಪನ ಒಬ್ಬನೇ ಮಗ ಶಿವಯೋಗೆಪ್ಪನಿಗೆ ಕೊಟ್ಟಿದ್ದರು. ಮದುವೆಯಾಗಿ ವರ್ಷ ತುಂಬಿರಲಿಲ್ಲ, ಅರಳೆ ಗಾಡಿ ಹೊಡೆದುಕೊಂಡು ವಿಜಯಪುರಕ್ಕೆ ಹೋದ ಶಿವಯೋಗೆಪ್ಪ ಫೌಜಿಗೆ ಭರ್ತಿಯಾಗಿ ಬಂದ. ಎತ್ತಿನ ಬಾಲ ತಿರುವಿ ಬೇಸತ್ತಿದ್ದನಂತೆ, ಮಂದಿಗೆ ಗುಂಡು ಹೊಡೆದು ಹಗುರಾಗಲು ಹೊರಟ. ಸಾವಿರದ ಒಂಬೈನೂರ ನಲವತ್ತೆರಡನೆಯ ಇಸವಿ. ಹೊರಡುವ ದಿನ ಹಿತ್ತಲಲ್ಲಿ ಹೆಂಡತಿಯೊಡನೆ ಒಂದು ಗಳಿಗೆ ಸಿಕ್ಕಿತು.

“ಅಳಬ್ಯಾಡ. ಕಾಗದ ಹಾಕ್ತೇನಿ,” ಎಂದ.

“ನನಗ ಓದಾಕ ಬರಂಗಿಲ್ಲ.”

“ನನಗೂ ಬರಿಯಾಕ ಬರಂಗಿಲ್ಲ. ಜೋಡಿ ಚಲೋ ಕೂಡೇತಿ ನೋಡು.”

ಅಳುತ್ತಿದ್ದವಳು ನಕ್ಕಳು. ಆ ನಗು ಅತ್ತೆ ತಿಪ್ಪವ್ವನಿಗೆ ಕೇಳಿಸಿತು. ಗಂಡ ದಂಡಿಗೆ ಹೊರಟಾಗ ನಕ್ಕವಳು ಎಂಬ ಮಾತು ಅಂದೇ ಅವಳ ಹಣೆಗೆ ಅಂಟಿತು.

ಶಿವಯೋಗೆಪ್ಪನನ್ನು ಬೆಳಗಾವಿಯಲ್ಲಿ ಕವಾಯತು ಕಲಿಸಿ, ಆಮೇಲೆ ಹಡಗು ಹತ್ತಿಸಿ ಮಿಸರ ಎಂದರೆ ಈಜಿಪ್ಟ್ ದೇಶಕ್ಕೆ ಒಯ್ದರು. ಅಲ್ಲಿ ಅವನ ಕಾಗದ ಬರೆದುಕೊಡುತ್ತಿದ್ದವನು ಅಥಣಿ ಕಡೆಯ ಈರಯ್ಯ ಎಂಬ ಜೊತೆಗಾರ. ಇಲ್ಲಿ ಓದಿ ಹೇಳಿ ಉತ್ತರ ಬರೆಯುತ್ತಿದ್ದವರು ಮಠದ ಬಸಲಿಂಗಯ್ಯನವರು. ಅಲ್ಲಿ ಒಬ್ಬ ಅಯ್ಯ, ಇಲ್ಲಿ ಒಬ್ಬ ಅಯ್ಯ, ನಡುವೆ ಸಮುದ್ರ. ಇದರಲ್ಲಿ ಗಂಡ ಹೆಂಡತಿ ಏನು ಮಾತಾಡಬೇಕು? ಕಟ್ಟೆಯ ಮೇಲೆ ಮಾವ, ಅತ್ತೆ, ಅರ್ಧ ಓಣಿ ಕೂತು ಕೇಳುತ್ತಿತ್ತು. ರುದ್ರವ್ವ ಬಾಗಿಲ ಹಿಂದೆ ನಿಲ್ಲುತ್ತಿದ್ದಳು. ಎತ್ತು ಹೇಗಿವೆ, ಮಳೆ ಆಯಿತೇ, ಅವ್ವನ ಮೊಣಕಾಲು ಹೇಗಿದೆ ಎಂದೆಲ್ಲ ಕೇಳಿದ ಮೇಲೆ ಕೊನೆಗೆ, “ಮನೆಯಲ್ಲಿ ಎಲ್ಲರೂ ಕ್ಷೇಮವಷ್ಟೆ” ಎಂದಿರುತ್ತಿತ್ತು. ಆ ‘ಎಲ್ಲರೂ’ ಎಂಬುದರೊಳಗೆ ಅವಳು ತನ್ನನ್ನು ಹುಡುಕಿಕೊಳ್ಳಬೇಕಾಗಿತ್ತು.

ಮೊದಲನೆಯ ಉತ್ತರ ಬರೆದ ದಿನ ಬಸಲಿಂಗಯ್ಯನವರು, “ನೀನೂ ಒಂದು ಹೆಬ್ಬೆಟ್ಟು ಒತ್ತವ್ವಾ,” ಎಂದು ಮಸಿ ಮುಂದಿಟ್ಟರು.

“ಮಸಿ ಹೆಬ್ಬೆಟ್ಟು ಸಾವಕಾರನ ಕಾಗದಕ್ಕರಿ ಅಜ್ಜಾರ,” ಎಂದ ರುದ್ರವ್ವ ಹೆಬ್ಬೆರಳನ್ನು ತನ್ನ ಹಣೆಗೆ ಒತ್ತಿ, ಆ ಕುಂಕುಮದ ಬೆರಳನ್ನು ಕಾಗದದ ಕೊನೆಗೆ ಒತ್ತಿದಳು.

ಮುಂದಿನ ಕಾಗದದಲ್ಲಿ ಎತ್ತು, ಮಳೆ, ಮೊಣಕಾಲು ಎಲ್ಲ ಮುಗಿದ ಮೇಲೆ ಎರಡೇ ಶಬ್ದ ಹೆಚ್ಚಿಗೆ ಬಂದವು: ‘ಕುಂಕುಮ ಮುಟ್ಟಿತು.’ ಅಂದಿನಿಂದ ಪ್ರತಿ ಸಲವೂ ಹಾಗೆಯೇ. ಅವಳು ಒತ್ತುವುದು, ಅವನಿಗೆ ಮುಟ್ಟುವುದು. ಅವರ ಸಂಸಾರವೆಂದರೆ ಅಷ್ಟೇ ಆಗಿತ್ತು, ಅವಳಿಗೆ ಅದು ಸಾಲುತ್ತಲೂ ಇತ್ತು.

ನಲವತ್ತಮೂರರ ಶಿವರಾತ್ರಿ ಆದ ಮೇಲೆ ಒಂದು ಮಧ್ಯಾಹ್ನ ಟಪಾಲಿನವನು ಫೌಜಿನ ಲಕೋಟೆ ಕೊಟ್ಟು ಹೋದ. ಬಸಗೊಂಡಪ್ಪ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ. ರುದ್ರವ್ವ ಅಂಗಳದಲ್ಲಿ ಕುಳ್ಳು ತಟ್ಟುತ್ತಿದ್ದಳು. ಮಗನ ಕಾಗದ ಕೈಯಲ್ಲಿ ಹಿಡಿದು ನೋಡುವ ಆಸೆ ಮುದುಕನಿಗೆ, ಓದಲು ಬರದಿದ್ದರೇನು. ಲಕೋಟೆ ಒಡೆದು ಕಾಗದ ಬಿಡಿಸಿದ. ಮೇಲಿನ ಬಲ ಮೂಲೆ ಇರಲಿಲ್ಲ.

ಹೆಂಡತಿಯನ್ನು ಕೂಗಿದ. ಒಳಗಿನಿಂದ ಬಂದ ತಿಪ್ಪವ್ವ ಕಾಗದ ನೋಡಿದಳು, ಎರಡೂ ಕೈಯಿಂದ ಎದೆ ಬಡಿದುಕೊಂಡಳು. ಓಣಿಯೆಲ್ಲ ಕೂಡಿತು. ಮೂಲೆ ಹರಿದಿಲ್ಲ, ನೆಟ್ಟಗೆ ಕತ್ತರಿಸಿದಂತಿದೆ ಎಂದು ಯಾರೋ ಅನುಮಾನ ತೆಗೆದರು. “ಬಿಳೇ ಮಂದಿ ಹರಿಯಂಗಿಲ್ಲ, ಕತ್ತರಸತಾರ,” ಎಂದು ಇನ್ನೊಬ್ಬರು ತಿಳಿಸಿಕೊಟ್ಟರು. ಹಡಗು ಕಾಣದವರಿಗೆ ಬಿಳಿಯರ ರೀತಿ ರಿವಾಜು ಎಷ್ಟು ಗೊತ್ತಿತ್ತು ನೋಡಿ.

ಆ ಗದ್ದಲದಲ್ಲಿ ಬುದ್ಧಿ ಸ್ಥಿರವಿದ್ದವಳು ರುದ್ರವ್ವ ಒಬ್ಬಳೇ. ಸಗಣಿ ಕೈಯಲ್ಲೇ ಎದ್ದು ಬಂದು, “ಅತ್ತಿ, ಮೊದಲ ಓದಸ್ರಿ. ಅಜ್ಜಾರನ್ನ ಕರಸ್ರಿ,” ಎಂದಳು.

ತಿಪ್ಪವ್ವ ತಿರುಗಿ ನೋಡಿದಳು. “ಗಂಡ ಸತ್ತದ್ದನ್ನ ಓದಿಸಿ ಕೇಳು ಹಂಬಲ ಏನ ನಿನಗ? ಹೋಗೂಮುಂದ ನಕ್ಕಿದ್ದಿ. ಈಗೂ ನಗು.”

ಬಸಲಿಂಗಯ್ಯನವರು ಪಕ್ಕದ ಹಳ್ಳಿಗೆ ಹೋದವರು ಬರುವಷ್ಟರಲ್ಲಿ ಕಾಗದ ಚೂರು ಚೂರಾಗಿ ತಿಪ್ಪೆ ಸೇರಿತ್ತು. ರುದ್ರವ್ವನ ಕೈ ಬಳೆ ಹೊಸ್ತಿಲ ಕಲ್ಲಿಗೆ ಹೊಡೆದು ಒಡೆದಾಗಿತ್ತು. ತಾಳಿ ಹರಿದಾಗಿತ್ತು, ಹಣೆ ಒರೆಸಿಯಾಗಿತ್ತು.

“ಓದದನ ಹರದ್ರಿ?” ಎಂದು ಕೇಳಿದರು ಅಯ್ಯನವರು.

“ಮೂಲಿನ ಇದ್ದಿಲ್ಲರಿ. ಓದೂದೇನೈತಿ?” ಎಂದ ಬಸಗೊಂಡಪ್ಪ.

ಅಯ್ಯನವರು ತಲೆದೂಗಿದರು. ಲಿಂಗವಂತರಿಗೆ ಸೂತಕವಿಲ್ಲ ಎಂದು ಊರಿಗೆಲ್ಲ ಹೇಳುವವರು, ಸಾವಿನ ಕಾಗದ ಮುಟ್ಟುವ ಪ್ರಸಂಗ ತಪ್ಪಿತೆಂದು ಒಳಗೊಳಗೆ ನಿರಾಳವಾದರು. ಹೆಣವಿರಲಿಲ್ಲವಾದ್ದರಿಂದ ಶಿವಯೋಗೆಪ್ಪ ಬಿಟ್ಟುಹೋದ ಕೆಂಪು ರುಮಾಲನ್ನು ಹೊಲದ ಬದುವಿನಲ್ಲಿ ಮಣ್ಣು ಮಾಡಿದರು.

ಕಾರಹುಣ್ಣಿಮೆ ಮುಗಿದ ವಾರದಲ್ಲಿ ಇನ್ನೊಂದು ಕಾಗದ ಬಂತು. ನಾಲ್ಕೂ ಮೂಲೆ ಇದ್ದವು. ಈ ಸಲ ಬಸಲಿಂಗಯ್ಯನವರು ಕಟ್ಟೆಯ ಮೇಲೆ ಕೂತು ಓದತೊಡಗಿದವರು ನಡುವೆ ನಿಂತರು, ಮತ್ತೆ ಮೊದಲಿನಿಂದ ಓದಿದರು. ಶಿವಯೋಗೆಪ್ಪನೇ ಬರೆಸಿದ್ದ. “ನಾನು ಕ್ಷೇಮ. ನಿಮ್ಮ ಕಾಗದ ಇಲ್ಲದೆ ಜೀವ ಹೊಯ್ದಾಡುತ್ತಿದೆ. ಹಿಂದಿನ ಕಾಗದ ನನ್ನ ಕೈಯಿಂದಲೇ ಬರೆದಿದ್ದೆ. ಈರಯ್ಯ ಅಕ್ಷರ ಕಲಿಸಿದ. ಶಾಲೆಯಲ್ಲಿ ಬರೆಯುವಂತೆ ಮೇಲೆ ಮೂಲೆಗೆ ಮುಕ್ಕಾಂ ಎಂದು ಇಲ್ಲಿಯ ಊರ ಹೆಸರು ಹಾಕಿದ್ದೆ. ಯುದ್ಧದ ಕಾಲದಲ್ಲಿ ಅದನ್ನು ಬರೆಯಬಾರದಂತೆ. ಸಾಹೇಬರು ಅಷ್ಟು ಮೂಲೆ ಬ್ಲೇಡಿನಿಂದ ಕೊಯ್ದು ಕಳಿಸಿದರೆಂದು ಆಮೇಲೆ ತಿಳಿಯಿತು. ಮತ್ತೆ ತಪ್ಪಾದೀತೆಂದು ಇದನ್ನು ಈರಯ್ಯನಿಂದ ಬರೆಸಿದ್ದೇನೆ. ಅದರಲ್ಲಿ ಉಳಿದದ್ದು ಓದಲು ಬಂತೋ ಇಲ್ಲವೋ. ನನ್ನ ಅಕ್ಷರ ಹೇಗಿವೆ?”

ತಿಪ್ಪವ್ವ ಅಂಗಳದ ತುಂಬ ಓಡಾಡಿದಳು, ಕಂಡ ಕಂಡವರ ಕೈ ಹಿಡಿದಳು. ಬಸಗೊಂಡಪ್ಪ ಗುದ್ದಲಿ ತೆಗೆದುಕೊಂಡು ಹೊಲಕ್ಕೆ ಹೋಗಿ ರುಮಾಲು ಅಗೆದು ತಂದ. ಅದನ್ನು ಒಗೆದು ಒಣಗಿಸಿ ಗೂಟಕ್ಕೆ ಹಾಕಿದರು. ಸಂಜೆಯ ಹೊತ್ತಿಗೆ ಶಿವಯೋಗೆಪ್ಪ ಪೂರ್ತಿ ಬದುಕಿದ.

ರುದ್ರವ್ವ ತಿಪ್ಪೆ ಕೆದರಲು ಹೋದಳು. ಅವನ ಕೈಯ ಅಕ್ಷರ ಒಂದಾದರೂ ಸಿಕ್ಕೀತೆಂಬ ಆಸೆ. ಬೇಸಿಗೆಯಲ್ಲಿ ಗೊಬ್ಬರವೆಲ್ಲ ಹೊಲಕ್ಕೆ ಹೋಗಿ ತಿಪ್ಪೆಯ ಗುಂಡಿ ಬರಿದಾಗಿತ್ತು. ತಿರುಗಿ ಬಂದು ಅತ್ತೆಯ ಮುಂದೆ ನಿಂತಳು.

“ನನ್ನ ಕುಂಕಮಾ ಕೊಡ್ರಿ ಅತ್ತಿ.”

ತಿಪ್ಪವ್ವ ಕೆಟ್ಟ ಹೆಂಗಸಾಗಿರಲಿಲ್ಲ, ತೊಡಕು ಇರುವುದೇ ಅಲ್ಲಿ. ಕೆಟ್ಟವಳಾಗಿದ್ದರೆ ಬೈದು ಬಿಡಬಹುದಿತ್ತು. ಅವಳು ಅಂಜಿದ ತಾಯಿ. ಸೊಸೆಯನ್ನು ಹತ್ತಿರ ಕೂರಿಸಿಕೊಂಡು, “ಯಮ ಒಂದ್ ಸಲ ನಮ್ಮ ಮನಿಗೆ ಬಂದು, ನಿನ್ನ ಬಳಿ ಒಡದದ್ದು ನೋಡಿ, ಕೆಲಸ ಆತಂತ ಹೋಗ್ಯಾನ. ಈಗ ನಿನ್ನ ಕೈಯಾಗ ಬಳಿ ಕಂಡ್ರ ತಿರಗಿ ಬರತಾನ. ಒಮ್ಮಿ ಒಡದದ್ದು ಒಡದಂಗ. ಅಂವ ಬಂದು ತನ್ನ ಕೈಲೆ ತಾಳಿ ಕಟ್ಟಲಿ. ಅಲ್ಲೀತನಕಾ ಹಿಂಗ ಇರು,” ಎಂದಳು.

“ರುಮಾಲ ತಿರಗಿ ತಂದ್ರೆಲ್ಲ?”

“ರುಮಾಲ ಬ್ಯಾರೆ,” ಎಂದಳು ತಿಪ್ಪವ್ವ.

ಬಸಲಿಂಗಯ್ಯನವರನ್ನು ಕೇಳಿದರೆ ಹಿರಿಯರ ಮಾತು ಮೀರಬಾರದು ಎಂದರು. ಗಂಡನಿಗೆ ಈ ಸುದ್ದಿ ಬರೆಯಲೂ ಬಾರದೆಂದು ತೀರ್ಮಾನವಾಯಿತು. ಹೆಂಡತಿ ಹೀಗಿದ್ದಾಳೆಂದು ಕೇಳಿದರೆ ಬಂದೂಕು ಹಿಡಿದ ಕೈ ನಡುಗುತ್ತದಂತೆ. ಅವನ ಕೈ ನಡುಗಬಾರದು, ಇವಳ ಕೈ ಬೋಳಾಗಿದ್ದರೆ ಚಿಂತೆಯಿಲ್ಲ.

ಬದುಕಿದ ಗಂಡನ ವಿಧವೆ ನಮ್ಮ ಊರಿನಲ್ಲಿ ಇವಳೊಬ್ಬಳೇ. ಮದುವೆ ಮುಂಜಿಗೆ ಕರೆಯಲಿಲ್ಲ. ಬೆಳಿಗ್ಗೆ ಹೊಲಕ್ಕೆ ಹೊರಟವರು ಇವಳು ಎದುರಾದರೆ ತಿರುಗಿ ಮನೆಗೆ ಹೋಗಿ ನೀರು ಕುಡಿದು ಹೊರಡುತ್ತಿದ್ದರು. ತವರಿಗೆ ಹೋದರೆ ಹೆತ್ತ ತಾಯಿಯೂ ಕುಂಕುಮದ ಭರಣಿ ಬಚ್ಚಿಟ್ಟಳು. ಅದೇ ಸಲ ಬಬಲೇಶ್ವರದ ಸಂತೆಯಲ್ಲಿ ರುದ್ರವ್ವ ಬಳೆಗಾರ ಲಾಡಲೇಸಾಬನ ಮುಂದೆ ಕೂತು ಸುಮ್ಮನೆ ಎರಡೂ ಕೈ ಚಾಚಿದಳು.

ಮುದುಕ ಆ ಕೈ ನೋಡಿ ಗುರುತು ಹಿಡಿದ. “ನಿನ್ನ ಮದವಿಗೆ ನಾನ ಬಳಿ ಇಟ್ಟೇನಿ ಮಗಳ. ಹಿರೇರು ಮುಂದ ಕುಂತು ಇಡು ಅಂದ್ರ ಈಗಿಂದೀಗ ಕೈತುಂಬ ಇಡತೇನಿ. ಕದ್ದು ಇಡಾಕ ನನ್ನ ಕಡಿಂದ ಆಗಂಗಿಲ್ಲವಾ. ನಾಳೆ ಏನರೆ ಆದ್ರ ಲಾಡಲೇಸಾಬ ಬಳಿ ಇಟ್ಟದ್ದಕ್ಕ ಆತು ಅಂತಾರ.”

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಟಿಕೋಟಕ್ಕೆ ತಿರುಗಿ ಬಂದ ಮೇಲೆ ಮತ್ತೆ ಯಾರನ್ನೂ ಬೇಡಲಿಲ್ಲ. ದಿನ ಕಳೆದಂತೆ ಅತ್ತೆಯ ಯಮ ಅವಳ ತಲೆಯಲ್ಲೂ ಬಂದು ಕೂತ. ತಾನು ಹೀಗಿದ್ದರೆ ಅವನು ಉಳಿಯುವುದಾದರೆ ಹೀಗೇ ಇರೋಣ ಎಂದುಕೊಂಡಳು. ದೇವರಿಗೆ ಕೈ ಮುಗಿಯುವಾಗ ತನಗಾಗಿ ಏನೂ ಬೇಡುತ್ತಿರಲಿಲ್ಲ, ಅವನು ಬರಬೇಕು, ಬಂದು ಕಟ್ಟಬೇಕು, ಅಷ್ಟೇ.

ಕಾಗದಕ್ಕೆ ಒತ್ತಲು ಈಗ ಅವಳ ಬಳಿ ಕುಂಕುಮವಿರಲಿಲ್ಲ. ಅತ್ತ ಶಿವಯೋಗೆಪ್ಪ ಇಟಲಿ ದೇಶಕ್ಕೆ ಹೋದ. ಅಲ್ಲಿಂದ ಪ್ರತಿ ಕಾಗದದಲ್ಲೂ ಕೇಳತೊಡಗಿದ, ಕುಂಕುಮ ಯಾಕೆ ಬರುತ್ತಿಲ್ಲ? ಬಸಲಿಂಗಯ್ಯನವರು ಒಮ್ಮೆ ಸರಕಾರದ ಅಪ್ಪಣೆ ಇಲ್ಲವೆಂದು ಬರೆದರು, ಇನ್ನೊಮ್ಮೆ ಮರೆತೆವೆಂದು ಬರೆದರು. ಕೊನೆಗೆ ಅವನು ಜಿದ್ದಿಗೆ ಬಿದ್ದ. ಅವಳು ಇದ್ದಾಳೋ ಸತ್ತಿದ್ದಾಳೋ, ಫೋಟೋ ತೆಗೆಸಿ ಕಳಿಸಿರಿ, ನೋಡಿದ ಹೊರತು ಅನ್ನ ಸೇರುವುದಿಲ್ಲ ಎಂದು ಬರೆಸಿದ.

ನಲವತ್ತನಾಲ್ಕರ ಬೇಸಿಗೆಯಲ್ಲಿ ಅತ್ತೆ ಮಾವ ಅವಳನ್ನು ಗಾಡಿಯಲ್ಲಿ ವಿಜಯಪುರಕ್ಕೆ ಕರೆದುಕೊಂಡು ಹೋದರು. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಿಜಾಮುದ್ದೀನ ಎಂಬವನ ಫೋಟೋ ಅಂಗಡಿ. ಹುಬ್ಬಿನವರೆಗೆ ಸೆರಗು ಎಳೆದು, ಕೈ ಸೆರಗಿನೊಳಗೆ ಮುಚ್ಚಿ ತಿಪ್ಪವ್ವ ಸೊಸೆಯನ್ನು ಕುರ್ಚಿಯ ಮೇಲೆ ಕೂರಿಸಿದಳು.

“ಮುಖಾನ ಕಾಣವಲ್ದು. ಸೆರಗ ಸ್ವಲ್ಪ ಮ್ಯಾಲ ಮಾಡ್ರಿ,” ಎಂದ ನಿಜಾಮುದ್ದೀನ. ಮೇಲೆ ಮಾಡಿದಾಗ ಬೋಳು ಹಣೆ ಕಂಡ, ಹಾಗೆಯೇ ಫೋಟೋ ತೆಗೆದ.

ಫೋಟೋ ಒಯ್ಯಲು ಮರುದಿನ ಬಂದಾಗ ಅತ್ತೆ ಮಾವ ಗುಡಿಗೆ ಹೋಗಿ ಬರುತ್ತೇವೆಂದು ಅವಳನ್ನು ಅಂಗಡಿಯ ಮೆಟ್ಟಿಲ ಮೇಲೆ ಬಿಟ್ಟು ಹೋದರು. ವಿಧವೆ ಜೊತೆಗೆ ಬಂದರೆ ಗುಡಿಯಲ್ಲಿ ಹೇಗಾಗುತ್ತದೋ ಎಂಬ ಅಳುಕು. ಒಳಗೆ ನಿಜಾಮುದ್ದೀನ ಇನ್ನಾರದೋ ಮದುವೆಯ ಫೋಟೋಕ್ಕೆ ಸಣ್ಣ ಕುಂಚದಿಂದ ಬಣ್ಣ ಹಾಕುತ್ತಿದ್ದ. ಸೀರೆಗೆ ಹಸಿರು, ಹಣೆಗೆ ಕೆಂಪು. ರುದ್ರವ್ವ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ಒಳಗೆ ಹೋದಳು.

“ಕಾಕಾ, ನನಗೂ ಒಂದ್ ಬೊಟ್ಟು ಹಚ್ರಿ.”

“ನಿನ್ನ ಮಾಲಕರು...” ಎಂದು ಅವನು ಅರ್ಧಕ್ಕೆ ನಿಂತ.

“ಬದುಕ್ಯಾರ. ಅವರಿಗೇ ಕಳಸೂದೈತಿ. ನನಗ ಹಚ್ಚಬ್ಯಾಡ್ರಿ. ಕಾಗದಕ್ಕ ಹಚ್ರಿ.”

ನಿಜಾಮುದ್ದೀನನಿಗೆ ಏನು ಅರ್ಥವಾಯಿತೋ, ಕುಂಚ ಅದ್ದಿ ಫೋಟೋದ ಹಣೆಯ ನಡುವೆ ಕಾಸಿನಗಲದ ಕುಂಕುಮ ಇಟ್ಟ. ಒಣಗಿಸಿ ಲಕೋಟೆಯಲ್ಲಿ ಹಾಕಿ ಅಂಟಿಸಿದ. ಅತ್ತೆ ಬಂದು ಕೇಳಿದಾಗ, “ಬಿಚ್ಚಿದ್ರ ಬಿಸಲಿಗೆ ಕರ್ರಗಾಗತೈತ್ರಿ, ಹಂಗ ಕಳಸ್ರಿ,” ಎಂದ. ಆ ಒಂದು ಸುಳ್ಳಿಗೆ ಅವನಿಗೆ ಪುಣ್ಯ ಬರಲಿ.

ಮೂರು ತಿಂಗಳ ಮೇಲೆ ಉತ್ತರ ಬಂತು. ಬಸಲಿಂಗಯ್ಯನವರು ಓದಿದರು, “ಫೋಟೋ ಮುಟ್ಟಿತು.” ಮುಂದಿನ ಸಾಲಿಗೆ ಬಂದು ಕೆಮ್ಮಿದರು, ಎತ್ತಿನ ಮಾತಿಗೆ ಹೋದರು. ಮರುದಿನ ಮಠದ ಬಾವಿಗೆ ನೀರಿಗೆ ಬಂದ ರುದ್ರವ್ವನಿಗೆ ಯಾರೂ ಇಲ್ಲದ್ದು ನೋಡಿ ಹೇಳಿದರು, “ಕುಂಕಮನೂ ಮುಟ್ಟೇತಂತವಾ.” ಅವಳು ಕೊಡ ಇಳಿಸಿ ಅಲ್ಲಿಯೇ ಕೂತುಬಿಟ್ಟಳು. ಜೀವಮಾನದಲ್ಲಿ ಅಷ್ಟು ಸಂತೋಷ ಮತ್ತೆ ಆಗಲಿಲ್ಲ ಎಂದು ನನಗೆ ಹೇಳಿದಳು.

ಅದೇ ವರ್ಷ ದೀಪಾವಳಿಯ ಹಿಂಚುಮುಂಚು ವಿಜಯಪುರದಿಂದ ಸೈಕಲ್ಲಿನ ಮೇಲೆ ತಾರಿನವನು ಬಂದ. ಬಸಗೊಂಡಪ್ಪ ತಾರು ಬಿಡಿಸಿ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದ.

“ನಾಕೂ ಮೂಲಿ ಅದಾವ. ಅಂಜಬ್ಯಾಡ್ರಿ,” ಎಂದ.

ತಿಪ್ಪವ್ವ ಮಗ ರಜೆಯ ಮೇಲೆ ಬರುವ ಸುದ್ದಿಯೇ ಇರಬೇಕೆಂದು ಒಳಗೆ ಹೋಗಿ ಬೆಲ್ಲದ ಗಡಿಗೆ ಇಳಿಸಿದಳು. ರುದ್ರವ್ವ ಕೈ ತೊಳೆದು ಬಾಗಿಲ ಹಿಂದೆ ಬಂದು ನಿಂತಳು. ಬಸಲಿಂಗಯ್ಯನವರಿಗೆ ಇಂಗ್ಲಿಷ್ ಬಾರದು, ಶಾಲೆಯ ಮಾಸ್ತರರನ್ನು ಕರೆಸಿದರು. ಅವರು ಓದಿ ಕಾಗದ ಮಡಚಿ ಅಯ್ಯನವರ ಕಿವಿಯಲ್ಲಿ ಹೇಳಿದರು. ಸರಕಾರಕ್ಕೆ ನಮ್ಮ ಪದ್ಧತಿ ಗೊತ್ತಿರಲಿಲ್ಲ. ಬದುಕಿದವನ ಕಾಗದದ ಮೂಲೆ ಕೊಯ್ಯಿತು, ಸತ್ತವನ ಕಾಗದವನ್ನು ಇಡಿಯಾಗಿ ಕಳಿಸಿತು.

ಹೆಂಗಸರು ಕೂಡಿದರು. ಶಾಸ್ತ್ರ ಮಾಡಬೇಕು. ಮಾಡಲು ನೋಡಿದರೆ ರುದ್ರವ್ವನ ಮೈಮೇಲೆ ತೆಗೆಯಲು ಏನೂ ಇರಲಿಲ್ಲ. ಒಡೆಯಲು ಬಳೆಯಿಲ್ಲ, ಒರೆಸಲು ಕುಂಕುಮವಿಲ್ಲ, ಹರಿಯಲು ತಾಳಿಯಿಲ್ಲ. ಇನ್ನು ಬಿಟ್ಟುಬಿಡುತ್ತಾರೆ ಎಂದು ಅವಳು ತಿಳಿದಳು.

“ಅದು ಸುಳ್ಳ ಸುದ್ದಿಗೆ ಒಡದದ್ದು, ಲೆಕ್ಕಕ್ಕ ಬರಂಗಿಲ್ಲ,” ಎಂದಳು ತಿಪ್ಪವ್ವ. ಅತ್ತು ಅತ್ತು ಅವಳ ದನಿ ಹೋಗಿತ್ತು. “ನನ್ನ ಮಗನ ಜೀವ ಅಂತರಾ ನಿಲ್ಲಬಾರದು. ಬಳಿ ಇಡಸ್ರಿ. ಇಡಿಸಿ ಒಡೀರಿ.”

ಅಂದು ಬಬಲೇಶ್ವರದಿಂದ ಲಾಡಲೇಸಾಬನನ್ನು ಗಾಡಿ ಕಳಿಸಿ ಕರೆಸಿದರು. ಹಿರಿಯರು ಮುಂದೆ ಕೂತರು. ಅವನು ಕೇಳಿದ್ದೂ ಅದನ್ನೇ ಅಲ್ಲವೇ. ರುದ್ರವ್ವನಿಗೆ ಎರೆದು, ಹಸಿರು ಸೀರೆ ಉಡಿಸಿ, ತಲೆಗೆ ಹೂ ಮುಡಿಸಿ, ಹಣೆತುಂಬ ಕುಂಕುಮ ಹಚ್ಚಿದರು. ಕೊರಳಿಗೆ ಅರಿಷಿಣದ ದಾರ ಕಟ್ಟಿದರು. ಲಾಡಲೇಸಾಬ ತಲೆ ಎತ್ತದೆ ಒಂದೊಂದೇ ಬಳೆ ಏರಿಸಿದ. ದುಡಿದು ಬಿರುಸಾದ ಕೈ, ಬಳೆ ಸರಾಗ ಏರಲಿಲ್ಲ. ಎಲ್ಲಿ ಒಡೆದೀತೋ ಎಂದು ಮುದುಕ ಮೆಲ್ಲಗೆ ಒತ್ತುತ್ತಿದ್ದ.

“ನೋವ ಆಗತೈತೇನ ಮಗಳ?” ಎಂದ.

“ಇಲ್ಲ ಕಾಕಾ.”

ಅವಳು ಎರಡೂ ಕೈ ಮುಂದೆ ಹಿಡಿದು ನೋಡಿಕೊಂಡಳು. ತಿಪ್ಪವ್ವ ಒರಳಿನ ಗುಂಡು ಹಿಡಿದು ಬಂದಾಗ ರುದ್ರವ್ವ ಒಂದೇ ಮಾತು ಅಂದಳು: “ಅತ್ತಿ, ಒಮ್ಮಿ ಒಡದದ್ದು ಒಡದಂಗ ಅಂದಿದ್ರೆಲ್ಲ.”

ಒಬ್ಬಳು ಬಲಗೈ ಹಿಡಿದಳು, ಇನ್ನೊಬ್ಬಳು ಎಡಗೈ ಹಿಡಿದಳು. ಲಾಡಲೇಸಾಬ ತನ್ನ ಬಳೆಗಳ ಮಲಾರ ಹೊತ್ತು ಅಂಗಳ ದಾಟುವ ಮೊದಲೇ ಬಳೆ ಒಡೆದ ಸಪ್ಪಳ ಕೇಳಿಸಿತು. ಅವನು ಮತ್ತೆ ಟಿಕೋಟಕ್ಕೆ ಬಳೆ ಮಾರಲು ಬರಲಿಲ್ಲ. ಗೂಟದ ಮೇಲಿನ ರುಮಾಲನ್ನು ಬಸಗೊಂಡಪ್ಪ ಅದೇ ಬದುವಿನ ಅದೇ ಗುಂಡಿಗೆ ಹಾಕಿದ.

ನಲವತ್ತೈದರಲ್ಲಿ ಯುದ್ಧ ಮುಗಿದು ಒಂದು ಪಾರ್ಸಲ್ ಬಂತು. ಶಿವಯೋಗೆಪ್ಪನ ಹಣಿಗೆ, ಇಷ್ಟಲಿಂಗದ ವಸ್ತ್ರ, ಒಂದು ಚಾಕು. ನಡುವೆ ಎಣ್ಣೆ ಹತ್ತಿದ ಕಾಗದದಲ್ಲಿ ಸುತ್ತಿದ ಫೋಟೋ. ಅಂಚು ಸವೆದಿತ್ತು, ಮುಖ ಮಾಸಿತ್ತು. ಹಣೆಯ ಕುಂಕುಮ ಮಾತ್ರ ಕೆಂಪಗೆ ಇತ್ತು.

ತಿಪ್ಪವ್ವ ಫೋಟೋ ಕೈಯಲ್ಲಿ ಹಿಡಿದು ಸೊಸೆಯ ಕಡೆ ನೋಡಿದಳು. ಬೈಯಲಿಲ್ಲ, ಕೂಗಲಿಲ್ಲ.

“ಇದನ್ನ ನೋಡಿ ಯಮ ಬಂದ,” ಎಂದಳು. “ನಾ ಎರಡ ವರ್ಷ ಕಾದಿದ್ದೆ. ನೀ ಕೊಂದಿ.”

ರುದ್ರವ್ವ ಇಲ್ಲವೆನ್ನಲಿಲ್ಲ. ತಾರು ಬಂದ ದಿನದಿಂದ ಅವಳೂ ಅದನ್ನೇ ತನಗೆ ತಾನು ಹೇಳಿಕೊಳ್ಳುತ್ತಿದ್ದಳು. ಮುದುಕಿಯಾಗಿ ನನ್ನ ಮುಂದೆ ಜೋಳ ಕೇರುವಾಗಲೂ ಅದನ್ನೇ ಅಂದಳು. ಯುದ್ಧದಲ್ಲಿ ಗುಂಡು ಬಡಿದು ಸತ್ತರು, ನೀನು ಏನು ಮಾಡಿದೆ ಎಂದು ನಾನು ಎಷ್ಟು ಬಡಕೊಂಡರೂ ತಲೆ ಅಲ್ಲಾಡಿಸಿದಳು.

ತಿಪ್ಪವ್ವ ಹೆಬ್ಬೆರಳು ನಾಲಗೆಗೆ ಹಚ್ಚಿ ಫೋಟೋದ ಹಣೆ ಉಜ್ಜಿದಳು. ಬಣ್ಣ ಹೋಗಲಿಲ್ಲ. ಆಮೇಲೆ ಉಗುರಿನಿಂದ ಕೆರೆದಳು. ಕೆಂಪು ಉದುರಿತು, ಅದರೊಡನೆ ಹಣೆಯೂ ಕಿತ್ತು ಬಂತು, ಅಲ್ಲಿ ಬಿಳಿಯ ಕಾಗದ ಉಳಿಯಿತು. ಸೆರಗಿನಿಂದ ಪುಡಿ ಝಾಡಿಸಿ ಫೋಟೋವನ್ನು ಸೊಸೆಯ ಕೈಗೆ ಕೊಟ್ಟಳು.

“ಈಗ ಇಟಗೋ,” ಎಂದಳು.

ರುದ್ರವ್ವ ಅದನ್ನು ತೆಗೆದುಕೊಂಡು ಒಳಗೆ ಹೋದಳು. ಹಂಚಿನ ಮೇಲಿದ್ದ ರೊಟ್ಟಿ ಹೊತ್ತುವ ಮೊದಲು ತಿರುವಿ ಹಾಕಬೇಕಿತ್ತು.